ಪಡೆವ ಕೈಯ ಚರಿತ್ರೆ

ಹೊಯ್ಸಳರ ಕಾಲದ ದಾನವೆಲ್ಲವೂ ಪುಣ್ಯಸಂಪಾದನೆಯ ವ್ಯವಹಾರವೆಂದೂ, ಬಡವರ ಪೋಷಣೆಯೆಂಬುದು ಬ್ರಿಟಿಷರ ಬರಗಾಲದ ಗಂಜಿಯೊಡನೆಯೇ ಈ ನಾಡಿಗೆ ಬಂದಿತೆಂದೂ ಬರೆಯುವುದು ಈಚೆಗೆ ರೂಢಿಯಾಗಿದೆ. ಇದಕ್ಕೆ ಪ್ರತಿಯಾಗಿ, ಅಂದು ಹಸಿದವನೇ ಇರಲಿಲ್ಲವೆಂದು ವಾದಿಸುವವರೂ ಉಂಟು. ಬೇಲೂರು, ಹಳೇಬೀಡು, ಅರಸೀಕೆರೆಗಳ ಶಾಸನಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಈ ಎರಡೂ ಕಲ್ಲನ್ನು ಪೂರ್ತಿಯಾಗಿ ಓದದವರ ಮಾತುಗಳೆಂದೇ ತೋರುತ್ತದೆ.

ಕದಂಬ, ಗಂಗರ ಕಾಲದ ದತ್ತಿಗಳನ್ನು ಇಲ್ಲಿ ವಿಸ್ತರಿಸಲಾರೆ. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ದೇವರನ್ನು ಪ್ರತಿಷ್ಠಿಸಿದ ತರುವಾಯ ಈ ಸೀಮೆಯಲ್ಲಿ ದೇವಾಲಯವು ಭೂಮಿಯನ್ನು ಪಡೆದು ಅನ್ನವನ್ನು ಹಂಚುವ ಸಂಸ್ಥೆಯಾಯಿತು. ಜೈನರಾದರೋ ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ಚತುರ್ವಿಧದಾನವನ್ನು ಬಸದಿಗಳ ಮೂಲಕ ನಡೆಸಿಕೊಂಡು ಬಂದರು. ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವು ದೀನರು, ಅನಾಥರು, ಹೆಳವರು, ಕುರುಡರು, ಕಿವುಡರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಅಲ್ಲಿ ಕೊಡುತ್ತಿದ್ದುದನ್ನು ಹೇಳುತ್ತದೆ. ಮೂರನೆಯ ನರಸಿಂಹನು 1279ರಲ್ಲಿ ಕಾಶೀಯಾತ್ರಿಕರು ತುರುಷ್ಕರಿಗೆ ತೆರಬೇಕಾಗಿದ್ದ ಸುಂಕಕ್ಕೆಂದು ಹೆಬ್ಬಾಲೆಯ ವರ್ಷಾದಾಯವಾದ 645 ನಿಷ್ಕಗಳನ್ನು ಬಿಟ್ಟುಕೊಟ್ಟನು. ಇವೆಲ್ಲವೂ ದೊಡ್ಡ ಕಾರ್ಯಗಳೇ, ಆದರೆ ಇವುಗಳಲ್ಲಿ ಕೊಟ್ಟವನಿಗೆ ಹೆಸರಿದೆ, ವಂಶವಿದೆ, ಬಿರುದುಗಳಿವೆ, ಪಡೆದವನಿಗೆ ಹೆಸರಿಲ್ಲ.

ಹಾಸನ ಜಿಲ್ಲೆಯ ಶಾಸನಸಂಪುಟವನ್ನು 1902ರಲ್ಲಿ ಹೊರತಂದ ರೈಸ್ ಸಾಹೇಬರಿಗೆ ಅರಸರ ವಂಶಾವಳಿಯೇ ಮುಖ್ಯವಾಗಿತ್ತು. ಆ ಕಾಲದ ಅಗತ್ಯವೂ ಅದೇ ಆಗಿತ್ತು. ನಮ್ಮ ತಲೆಮಾರಿಗೆ ದೃಷ್ಟಿ ಕೊಟ್ಟ ಗ್ರಂಥವೆಂದರೆ 1966ರಲ್ಲಿ ಪ್ರಕಟವಾದ ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’. ಅದನ್ನು ಓದಿದ ಮೇಲೆ ನಾವು ಅರಮನೆಯ ಶಾಸನಗಳನ್ನು ಬಿಟ್ಟು ಊರ ಹೊರಗಿನ ವೀರಗಲ್ಲುಗಳ ಬಳಿಗೆ ಹೋದೆವು. ಬೇಲಿಯ ಮುಳ್ಳನ್ನು ಸರಿಸಿ, ಕಲ್ಲಿನ ಮೇಲಣ ಪಾಚಿಯನ್ನು ತೊಳೆದು, ಸವೆದ ಅಕ್ಷರಗಳ ಮೇಲೆ ಬೆರಳಾಡಿಸಿ ಓದಿದೆವು. ಅಲ್ಲಿ ನಮಗೆ ದೊರೆತ ಪದವೇ ‘ನೆತ್ತರುಕೊಡಗಿ’. ತುರುಗಾಳಗದಲ್ಲಿಯೋ ಊರಳಿವಿನಲ್ಲಿಯೋ ಮಡಿದವನ ಮನೆಯವರಿಗೆ, ಅವನು ಸುರಿಸಿದ ನೆತ್ತರಿನ ಸಲುವಾಗಿ ಬಿಟ್ಟ ಭೂಮಿಯದು. ಯಾಚಿಸದೆ ಬರುವ, ಹಂಗಿನ ಭಾರವಿಲ್ಲದ, ಪಡೆವವರಿಗೆ ಹಕ್ಕೆಂದು ಸಲ್ಲುವ ನೆರವು ಇದು. ಸತ್ರ, ಅರವಟ್ಟಿಗೆಗಳ ಚರಿತ್ರೆಗಿಂತಲೂ ಇದರ ಚರಿತ್ರೆಯೇ ನಮ್ಮ ವಿಷಯಕ್ಕೆ ನಿಕಟವಾದುದೆಂದು ನಾನು ಅಂದು ನಂಬಿದೆನು, ಇಂದಿಗೂ ನಂಬಿದ್ದೇನೆ.

ವಿಜಯನಗರ, ಪಾಳೆಯಗಾರರ ಶತಮಾನಗಳನ್ನು ದಾಟಿ ಧಾತು-ಈಶ್ವರ ಸಂವತ್ಸರಗಳ ಬರಕ್ಕೆ ಬರೋಣ. ಮೈಸೂರು ಸೀಮೆ ಆಗ ಬ್ರಿಟಿಷ್ ಕಮಿಷನರ ಆಳ್ವಿಕೆಯಲ್ಲಿತ್ತು. 1871ರಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರ ಖಾನೇಷುಮಾರಿಯ ವೇಳೆಗೆ ನಲವತ್ತೆರಡು ಲಕ್ಷದ ಒಳಗಿಳಿಯಿತು. ಗಂಜಿಮನೆಗಳು ತೆರೆದುವು ನಿಜ. ಆದರೆ 1877ರ ಉತ್ತರಾರ್ಧದಲ್ಲಿ, ಮೈಯಲ್ಲಿ ಕಸುವುಳ್ಳವರನ್ನು ಗಂಜಿಮನೆಯಿಂದ ಎಬ್ಬಿಸಿ ಕಾಮಗಾರಿಗೆ ಕಳುಹಿಸಬೇಕೆಂಬ ನೀತಿ ಬಲಗೊಂಡಿತು. ಹಸಿವನ್ನು ಮಣ್ಣು ಹೊತ್ತು ರುಜುವಾತುಪಡಿಸಬೇಕೆಂಬ ಈ ನಿಯಮವನ್ನು ಆಧುನಿಕ ಸಮಾಜಸಹಾಯದ ಆರಂಭವೆಂದು ಹೊಗಳುವವರೊಡನೆ ನನಗೆ ಸಹಮತವಿಲ್ಲ. ಬರದಲ್ಲಿ ತಬ್ಬಲಿಗಳಾದ ಮಕ್ಕಳನ್ನು ಹಾಸನದಲ್ಲಿಯೂ ತುಮಕೂರಿನಲ್ಲಿಯೂ ಸಾಕಿದ ವೆಸ್ಲಿಯನ್ ಮಿಷನ್ನಿನವರ ಕಾರ್ಯವನ್ನು, ಮತಾಂತರದ ವಾದವೇನೇ ಇರಲಿ, ಕೃತಜ್ಞತೆಯಿಂದಲೇ ನೆನೆಯಬೇಕು.

ಇಷ್ಟರಲ್ಲಿಯೂ ಬಾರದ ಒಂದು ದಾನವಿದೆ. ನನ್ನ ಬಾಲ್ಯದಲ್ಲಿ, ರಾಶಿಪೂಜೆ ಮುಗಿದು ರಾಗಿ ಮನೆಗೆ ಹೊರಡುವ ಮುನ್ನ, ಕಣದ ಅಂಚಿನಲ್ಲಿ ನಿಂತವರ ಸೆರಗಿಗೆ ನನ್ನ ಅಜ್ಜಿ ಮೊರದಿಂದ ಸುರಿಯುತ್ತಿದ್ದಳು. ಆಯಗಾರರಿಗೆ ಸಲ್ಲುತ್ತಿದ್ದ ಪಾಲು ಬೇರೆ, ಇದು ಬೇರೆ. ಯಾರು ಕಣದೊಳಕ್ಕೆ ಬರಬಹುದು, ಯಾರು ಅಂಚಿನಲ್ಲಿಯೇ ನಿಲ್ಲಬೇಕು ಎಂಬುದನ್ನು ಜಾತಿಯೇ ನಿರ್ಣಯಿಸುತ್ತಿತ್ತೆಂಬುದನ್ನೂ ಮರೆಮಾಚಲಾಗದು. ಹೆಂಗಸರ ಕೈಯಿಂದ ನಡೆದ ಈ ನಿತ್ಯದಾನವನ್ನು ಯಾವ ಕಲ್ಲೂ ದಾಖಲಿಸಲಿಲ್ಲ. ನಾವೂ ಕೇಳಿ ಬರೆದುಕೊಳ್ಳಲಿಲ್ಲ. ಇದು ನನ್ನ ತಲೆಮಾರಿನ ಅಪರಾಧ.

ಸ್ವಾತಂತ್ರ್ಯಾನಂತರದ ವೃದ್ಧಾಪ್ಯವೇತನ, ವಿಧವಾವೇತನ, 1995ರ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ, 2007ರ ಸಂಧ್ಯಾಸುರಕ್ಷೆ, 2013ರ ಅನ್ನಭಾಗ್ಯಗಳ ಮೊತ್ತವನ್ನು ಅರ್ಥಶಾಸ್ತ್ರಜ್ಞರು ಲೆಕ್ಕಹಾಕಿದ್ದಾರೆ. ನನ್ನ ಕಣ್ಣಿಗೆ ಬೀಳುವುದು ಬೇರೊಂದು. ಕಾಳಗದಲ್ಲಿ ಸಾಯದೆ, ಬರಿಯ ಬಡತನದಲ್ಲಿ ಮುಪ್ಪಾದ ಒಬ್ಬ ಹೆಂಗಸಿನ ಹೆಸರು, ಅವಳ ಊರು, ಅವಳ ಹೆಬ್ಬೆಟ್ಟಿನ ಗುರುತು ತಾಲ್ಲೂಕು ಕಚೇರಿಯ ವೇತನದ ಕಡತಗಳಲ್ಲಿ ಸಾಲುಸಾಲಾಗಿ ದೊರೆಯುತ್ತವೆ. ಶಾಸನಗಳ ಪಡಿಯಚ್ಚು ತೆಗೆಯಲು ನಾವು ಎತ್ತಿನಗಾಡಿಯಲ್ಲಿ ಊರೂರು ಅಲೆದೆವು. ಅವಧಿ ಮುಗಿದವೆಂದು ಆ ಕಡತಗಳು ವಿಲೇವಾರಿಯಾಗುವ ಮುನ್ನ, ಬೇಲೂರು ತಾಲ್ಲೂಕೊಂದರ ಮಟ್ಟಿಗಾದರೂ ಅವನ್ನು ಪ್ರತಿ ಮಾಡಿಕೊಳ್ಳಲು ಇಬ್ಬರು ತರುಣರು ಮುಂದೆ ಬಂದರೆ, ನನ್ನಲ್ಲಿರುವ ವೀರಗಲ್ಲುಗಳ ಟಿಪ್ಪಣಿಗಳನ್ನೆಲ್ಲ ಅವರ ಕೈಗೆ ಒಪ್ಪಿಸುವೆನು.