ಕರುಳಿನ ತಂತಿಯಿಂದ ಕಲಿತ ಹೊಡೆತ

ಮೈಸೂರಿನಲ್ಲಿ ಟೆನಿಸ್ ಆಡುವ ನಾವು ಇಂದಿಗೂ ‘ಗಟ್ ಹಾಕಿಸಬೇಕು’ ಎನ್ನುತ್ತೇವೆ. ರ್ಯಾಕೆಟ್ಟಿಗೆ ಬೀಳುವುದು ನೈಲಾನ್ ಇರಲಿ, ಪಾಲಿಯೆಸ್ಟರ್ ಇರಲಿ, ಹೆಸರು ಮಾತ್ರ ಗಟ್. ಗಟ್ ಎಂದರೆ ಕರುಳು. ನನ್ನ ಅಜ್ಜಿಗೆ ಅದು ಗೊತ್ತಿತ್ತು. ಹಾಗಾಗಿ ಅಪ್ಪನ ಮರದ ರ್ಯಾಕೆಟ್ ಹೊಸ್ತಿಲು ದಾಟಿ ಒಳಗೆ ಬಂದದ್ದೇ ಇಲ್ಲ. ಮರ ಸೊಟ್ಟಗಾಗದಂತೆ ನಾಲ್ಕು ಮೂಲೆಗೂ ತಿರುಪು ಬಿಗಿದ ಚೌಕಟ್ಟಿನೊಳಗೆ ಕೂತು ಅದು ಜಗಲಿಯ ಗೂಟದಲ್ಲಿ ನೇತಾಡುತ್ತಿತ್ತು. ಮಳೆ ಹಿಡಿದರೆ ಅಪ್ಪ ಅದನ್ನು ಮುಟ್ಟುತ್ತಿರಲಿಲ್ಲ. ತೇವ ತಗುಲಿದ ಕರುಳು ಉಬ್ಬಿ, ಎಳೆ ಬಿಟ್ಟುಕೊಂಡು, ಆಟದ ನಡುವೆ ಪಟ್ಟನೆ ಹರಿಯುತ್ತದೆ.

ನಲವತ್ತು ವರ್ಷ ಆಡಿದ ಮೇಲೆ ನನಗೆ ಖಚಿತವಾಗಿರುವ ಸಂಗತಿ ಒಂದೇ: ಹೊಡೆತವನ್ನು ನಮಗೆ ಕಲಿಸುವುದರಲ್ಲಿ ಗುರುವಿನಷ್ಟೇ ಪಾಲು ತಂತಿಗೂ ಇದೆ. ಅದರ ಚರಿತ್ರೆ ತಿಳಿದವನು ತನ್ನ ಕೈಗೆ ಒಗ್ಗುವುದನ್ನು ಆರಿಸಿಕೊಳ್ಳಬಲ್ಲ.

ಇಂಗ್ಲೆಂಡಿನ ಮೇಜರ್ ವಾಲ್ಟರ್ ಕ್ಲಾಪ್ಟನ್ ವಿಂಗ್‌ಫೀಲ್ಡ್ ಲಾನ್ ಟೆನಿಸ್‌ಗೆ ಪೇಟೆಂಟ್ ಪಡೆದದ್ದು 1874ರಲ್ಲಿ. ಮರುವರ್ಷವೇ ಫ್ರಾನ್ಸಿನ ಲಿಯಾನ್ ನಗರದಲ್ಲಿ ಪಿಯರ್ ಬಾಬೋಲಾ ಈ ಆಟಕ್ಕೆಂದು ತಂತಿ ಮಾಡಿದ. ಸಂಗೀತ ವಾದ್ಯಗಳಿಗೆ ಕರುಳಿನ ತಂತಿ ಹೊಸೆಯುವುದು ಅವನ ಕಸುಬಾಗಿತ್ತು. ಕ್ಯಾಟ್‌ಗಟ್ ಎಂಬ ಹೆಸರಿದ್ದರೂ ಬೆಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ಮೊದಲು ಕುರಿಯ ಕರುಳು, ಆಮೇಲೆ ದನದ್ದು. ಕರುಳಿನ ಪದರವನ್ನು ಉದ್ದುದ್ದಕ್ಕೆ ಸೀಳಿ, ತೊಳೆದು, ಹಲವು ಎಳೆಗಳನ್ನು ಸೇರಿಸಿ ಹುರಿಮಾಡಿ, ಒಣಗಿಸಿ, ಉಜ್ಜಿ ನುಣುಪುಗೊಳಿಸಬೇಕು. ಒಂದು ರ್ಯಾಕೆಟ್ಟಿಗೆ ಸುಮಾರು 12 ಮೀಟರ್ ಬೇಕು.

ಆ ತಂತಿಯ ಗುಣ ಅದರ ಹಿಗ್ಗುವಿಕೆಯಲ್ಲಿದೆ. ಚೆಂಡು ತಾಗಿದಾಗ ಒಳಕ್ಕೆ ಬಾಗಿ, ಪಡೆದ ಬಲವನ್ನು ಹೆಚ್ಚು ಕಳೆಯದೆ ಹಿಂದಿರುಗಿಸುತ್ತದೆ. ಚಿಕ್ಕ ತಲೆಯ ಮರದ ರ್ಯಾಕೆಟ್ಟಿನಲ್ಲಿ ಚೆಂಡನ್ನು ನೇರಕ್ಕೆ ತಳ್ಳಿದರೂ ಅದು ಕೋರ್ಟಿನ ಕೊನೆಯವರೆಗೆ ಹೋಗುತ್ತಿತ್ತು. ಅಪ್ಪನ ತಲೆಮಾರಿನವರ ಚಪ್ಪಟೆ ಫೋರ್‌ಹ್ಯಾಂಡ್, ಕೆಳಮುಖವಾಗಿ ಕೊಯ್ದ ಬ್ಯಾಕ್‌ಹ್ಯಾಂಡ್, ನೆಟ್ ಬಳಿಯ ಮೆದು ವಾಲಿ, ಎಲ್ಲವೂ ಆ ತಂತಿಗೆ ಹೊಂದಿಕೊಂಡ ಹೊಡೆತಗಳು.

1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋಥರ್ಸ್ ತಂಡ ನೈಲಾನ್ ಕಂಡುಹಿಡಿಯಿತು. ಎರಡನೇ ಮಹಾಯುದ್ಧದ ನಂತರ ಅದು ರ್ಯಾಕೆಟ್ಟುಗಳಲ್ಲಿ ಹರಡಿತು. ಕರುಳಿನಷ್ಟು ಜೀವಂತವಲ್ಲ, ಆದರೆ ಅಗ್ಗ, ಮಳೆಗೆ ಹೆದರುವುದಿಲ್ಲ. ನಾನು ಆಟ ಕಲಿತದ್ದು ನೈಲಾನಿನಲ್ಲೇ. ಗಟ್ ಹಾಕುವವರು ಮಂಡಿಯ ನಡುವೆ ರ್ಯಾಕೆಟ್ ಇಟ್ಟುಕೊಂಡು, ತಂತಿ ಎಳೆದು, ಜಾರದಂತೆ ತೂತಿಗೆ ದಬ್ಬಳ ಚುಚ್ಚಿ ಹಿಡಿಯುತ್ತಿದ್ದರು. ಎಷ್ಟು ಪೌಂಡ್ ಬಿಗಿ ಎಂದು ಯಾರೂ ಕೇಳುತ್ತಿರಲಿಲ್ಲ. ಬೆರಳಿನಿಂದ ಮೀಟಿ, ಶ್ರುತಿ ಕೇಳಿ, ‘ಸರಿಯಾಯ್ತು, ತಗೊಳ್ಳಿ’ ಎನ್ನುತ್ತಿದ್ದರು.

ತಂತಿ ಆಟವನ್ನೇ ತಲೆಕೆಳಗು ಮಾಡಬಲ್ಲದೆಂದು ಜಗತ್ತಿಗೆ ಗೊತ್ತಾದದ್ದು 1977ರಲ್ಲಿ. ಜರ್ಮನಿಯ ವರ್ನರ್ ಫಿಶರ್ ಕಟ್ಟಿದ ‘ಸ್ಪಾಗೆಟಿ’ ರ್ಯಾಕೆಟ್ಟಿನಲ್ಲಿ ಉದ್ದದ ತಂತಿಗಳು ಅಡ್ಡ ತಂತಿಗಳೊಂದಿಗೆ ಹೆಣೆದುಕೊಳ್ಳದೆ ಎರಡು ಪದರವಾಗಿ ನಿಂತಿದ್ದವು. ಚೆಂಡು ತಾಗಿದರೆ ಪಕ್ಕಕ್ಕೆ ಜಾರಿ ಹಿಂದಕ್ಕೆ ಚಿಮ್ಮುತ್ತಿದ್ದವು. ಚೆಂಡು ವಿಪರೀತ ಸುತ್ತುತ್ತಿತ್ತು. ಜೇಡಿಮಣ್ಣಿನಲ್ಲಿ ಸತತ 53 ಪಂದ್ಯ ಗೆದ್ದಿದ್ದ ಗಿಲ್ಲೆರ್ಮೊ ವಿಲಾಸ್, ಎಕ್ಸ್-ಆನ್-ಪ್ರೊವಾನ್ಸ್‌ನ ಫೈನಲ್‌ನಲ್ಲಿ ಇಲಿ ನಸ್ಟಾಸೆಯ ಕೈಯಲ್ಲಿದ್ದ ಇಂಥ ರ್ಯಾಕೆಟ್ಟಿಗೆ ಎರಡು ಸೆಟ್ ಸೋತು ಅಂಕಣ ಬಿಟ್ಟು ನಡೆದ. ಅಂತರರಾಷ್ಟ್ರೀಯ ಒಕ್ಕೂಟ ಅದನ್ನು ನಿಷೇಧಿಸಿತು. ತಂತಿಗಳು ಹೆಣೆದೇ ಇರಬೇಕೆಂಬ ನಿಯಮ 1978ರಲ್ಲಿ ಬಂತು.

ಹಾಗೆ ಹೊರದೂಡಿದ ಜಾರುವಿಕೆ ನಿಯಮದೊಳಗೇ ಮರಳಿ ಬಂದದ್ದು ಪಾಲಿಯೆಸ್ಟರಿನ ಮೂಲಕ. 1997ರ ಫ್ರೆಂಚ್ ಓಪನ್ ನಾನು ಟಿವಿ ಮುಂದೆ ಕೂತು ನೋಡಿದ್ದೆ. ಮಹೇಶ್ ಭೂಪತಿ, ಜಪಾನಿನ ರಿಕಾ ಹಿರಾಕಿ ಜೊತೆ ಮಿಶ್ರ ಡಬಲ್ಸ್ ಗೆದ್ದು ಭಾರತಕ್ಕೆ ಮೊದಲ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ತಂದ ವರ್ಷ ಅದು. ಸಿಂಗಲ್ಸ್ ಗೆದ್ದವನು 66ನೇ ರ್ಯಾಂಕಿನ ಬ್ರೆಜಿಲ್ ಹುಡುಗ ಗುಸ್ತಾವೊ ಕುಯೆರ್ಟನ್. ಅವನ ರ್ಯಾಕೆಟ್ಟಿನಲ್ಲಿ ಬೆಲ್ಜಿಯಂನ ಲುಕ್ಸಿಲಾನ್ ಕಂಪನಿಯ ಪಾಲಿಯೆಸ್ಟರ್ ತಂತಿಯಿತ್ತು. ಅದು ಬಿರುಸು, ನುಣುಪು. ಹೆಣೆದಿದ್ದರೂ ಉದ್ದದ ತಂತಿ ಅಡ್ಡ ತಂತಿಯ ಮೇಲೆ ಜಾರಿ ಮತ್ತೆ ಸ್ವಸ್ಥಾನಕ್ಕೆ ಚಿಮ್ಮುತ್ತದೆ. ಆಟಗಾರ ಮೈಬಲವನ್ನೆಲ್ಲ ಹಾಕಿ ಕೆಳಗಿನಿಂದ ಮೇಲಕ್ಕೆ ಬೀಸಿದರೂ ಚೆಂಡು ಸುತ್ತುತ್ತಾ ಗೆರೆಯೊಳಗೇ ಇಳಿಯುತ್ತದೆ.

ನಲವತ್ತೈದರ ವಯಸ್ಸಿನಲ್ಲಿ ನಾನೂ ಅದನ್ನೇ ಹಾಕಿಸಿದೆ. ಮೊದಲ ವಾರ ಚೆಂಡು ಚೆನ್ನಾಗಿ ಇಳಿಯಿತು. ಆಮೇಲೆ ಹೊಡೆತಗಳು ಸರ್ವಿಸ್ ಬಾಕ್ಸಿನಲ್ಲೇ ಬಿದ್ದು ಎದುರಾಳಿಗೆ ಸುಲಭವಾದವು. ಪಾಲಿಯೆಸ್ಟರ್ ತನ್ನ ಚಿಮ್ಮುವ ಗುಣವನ್ನು ಬೇಗ ಕಳೆದುಕೊಳ್ಳುತ್ತದೆ, ಆದರೆ ಸುಲಭಕ್ಕೆ ಹರಿಯುವುದಿಲ್ಲ. ಸತ್ತ ತಂತಿಯಲ್ಲೇ ಎಂಟು ತಿಂಗಳು ಆಡಿದೆ. ಚೆಂಡು ದೂರ ಹೋಗಲೆಂದು ಇನ್ನೂ ಜೋರಾಗಿ ಬೀಸಿದೆ. ಕೊನೆಗೆ ನೀರಿನ ಚೊಂಬು ಎತ್ತಿದರೂ ಮೊಣಕೈ ಸೆಳೆಯತೊಡಗಿತು. ಆರು ತಿಂಗಳು ಆಟ ನಿಂತಿತು. ಮರಳಿದಾಗ ಸಾವಿರಾರು ಸಣ್ಣ ಎಳೆಗಳ ಮೆದುವಾದ ನೈಲಾನ್ ತಂತಿಯನ್ನು 50 ಪೌಂಡಿಗೆ ಹಾಕಿಸಿದೆ. ಅಪ್ಪನಿಂದ ಕಲಿತ ಉದ್ದನೆಯ, ನಿಧಾನದ ಬೀಸಿಗೇ ಚೆಂಡು ಮತ್ತೆ ಬೇಸ್‌ಲೈನ್ ತಲುಪಿತು. ನೋವು ಮರುಕಳಿಸಲಿಲ್ಲ.

ರೋಜರ್ ಫೆಡರರ್‌ನಂಥವನೇ ಉದ್ದಕ್ಕೆ ಕರುಳು, ಅಡ್ಡಕ್ಕೆ ಪಾಲಿಯೆಸ್ಟರ್ ಕಟ್ಟಿಸಿ ಆಡಿದ. ಹೊಸದು ಬಂತೆಂದು ಹಳೆಯದನ್ನು ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಆಡುವ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೇ: ಟಿವಿಯಲ್ಲಿ ಕಂಡ ತಂತಿಯನ್ನು ಕೇಳಬೇಡಿ, ನಿಮ್ಮ ಬೀಸಿಗೆ ಹೊಂದುವುದನ್ನು ಕೇಳಿ. ಚೆಂಡು ಗಿಡ್ಡ ಬೀಳುತ್ತಿದ್ದರೆ ಎರಡು ಪೌಂಡ್ ಇಳಿಸಿ, ಗೆರೆ ದಾಟುತ್ತಿದ್ದರೆ ಎರಡು ಪೌಂಡ್ ಏರಿಸಿ. ವಾರಕ್ಕೆ ಎಷ್ಟು ದಿನ ಆಡುತ್ತೀರೋ ವರ್ಷಕ್ಕೆ ಕನಿಷ್ಠ ಅಷ್ಟು ಸಲ ಗಟ್ ಬದಲಿಸಿ. ಅದು ಹರಿಯಲೆಂದು ಕಾಯಬೇಡಿ.