ಉಪವಾಸದ ಉಳಿತಾಯ ಯಾರಿಗೆ?

ತಪಸ್ಸುಕಾಲವೆಂದರೆ ಮಾಂಸ ಬಿಡುವ ಕಾಲ ಎಂಬ ತಿಳಿವಳಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಏನನ್ನು ಬಿಡಬೇಕು, ಎಷ್ಟು ದಿನ ಬಿಡಬೇಕು, ಯಾರಿಗೆ ವಿನಾಯಿತಿ ಉಂಟು ಎಂದು ವಿಭೂತಿ ಬುಧವಾರದ ಮುನ್ನಾದಿನ ಗುರುಗಳಲ್ಲಿ ವಿಚಾರಿಸುವವರು ಅನೇಕರು. ಬಿಟ್ಟದ್ದು ಎಲ್ಲಿಗೆ ಹೋಗಬೇಕು ಎಂದು ಕೇಳುವವರು ವಿರಳ. ಆದರೆ ಧರ್ಮಸಭೆಯ ಚರಿತ್ರೆಯಲ್ಲಿ ಈ ಎರಡನೆಯ ಪ್ರಶ್ನೆ ಬಹು ಪ್ರಾಚೀನವಾದುದು. ನಲವತ್ತು ದಿನಗಳ ತಪಸ್ಸು ರೂಪುಗೊಳ್ಳುವುದಕ್ಕಿಂತಲೂ ಹಳೆಯದು.

ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ರೋಮಾಪುರಿಯಲ್ಲಿ ಹೆರ್ಮಸ್ ಎಂಬ ಕ್ರೈಸ್ತನಿದ್ದನು. ಒಂದು ಕಾಲಕ್ಕೆ ಗುಲಾಮನಾಗಿ ಮಾರಲ್ಪಟ್ಟಿದ್ದವನು. ಅವನು ಬರೆದ ‘ಕುರಿಗಾಹಿ’ ಎಂಬ ಗ್ರಂಥವನ್ನು ಆದಿ ಕ್ರೈಸ್ತರು ಬಹಳ ಆದರದಿಂದ ಓದುತ್ತಿದ್ದರು. ಅದರಲ್ಲಿ ಹೆರ್ಮಸನು ಬೆಟ್ಟದ ಮೇಲೆ ಉಪವಾಸ ಕುಳಿತಿರುವಾಗ ಕುರಿಗಾಹಿಯ ರೂಪದ ದೇವದೂತನು ಬಂದು, ಇದು ಉಪವಾಸವೇ ಅಲ್ಲವೆಂದು ಅವನನ್ನು ಬೆರಗುಗೊಳಿಸುತ್ತಾನೆ. ಬಳಿಕ ಕ್ರಮವನ್ನು ತಿಳಿಸುತ್ತಾನೆ. ಮೊದಲು ಕೆಟ್ಟ ಮಾತು, ಕೆಟ್ಟ ಆಸೆಗಳನ್ನು ತೊರೆಯಬೇಕು. ಆ ದಿನ ರೊಟ್ಟಿ ಮತ್ತು ನೀರಿನ ಹೊರತು ಬೇರೇನನ್ನೂ ಮುಟ್ಟಬಾರದು. ಎಂದಿನಂತೆ ಉಂಡಿದ್ದರೆ ಎಷ್ಟು ಖರ್ಚಾಗುತ್ತಿತ್ತೆಂದು ಲೆಕ್ಕಹಾಕಿ, ಅಷ್ಟನ್ನೂ ವಿಧವೆಗೋ, ಅನಾಥನಿಗೋ, ಬಡವನಿಗೋ ಕೊಡಬೇಕು. ದರ್ಶನಗಳಿಂದ ತುಂಬಿದ ಒಂದು ಭಕ್ತಿಗ್ರಂಥದ ನಡುವೆ ಇಂಥ ದಿನಸಿಯ ಲೆಕ್ಕ ಬರುವುದು ನನಗೆ ಇಂದಿಗೂ ಸೋಜಿಗ. ದೇವದೂತನಿಗೂ ಮಾರುಕಟ್ಟೆಯ ಧಾರಣೆ ತಿಳಿದಿತ್ತೆನ್ನಬೇಕು!

ಅದೇ ಶತಮಾನದಲ್ಲಿ ಅಥೆನ್ಸಿನ ಅರಿಸ್ಟೈಡಿಸ್ ಎಂಬ ತತ್ತ್ವಜ್ಞಾನಿಯು ಕ್ರೈಸ್ತರ ಪರವಾಗಿ ರೋಮನ್ ಚಕ್ರವರ್ತಿಗೆ ಒಂದು ಬಿನ್ನಹ ಬರೆದನು. ಅದರ ಸಿರಿಯಾಕ್ ಪ್ರತಿ 1889ರಲ್ಲಿ ಸಿನಾಯ್ ಬೆಟ್ಟದ ಸಂತ ಕ್ಯಾಥರಿನಳ ಮಠದಲ್ಲಿ ದೊರೆಯಿತು. ತಮ್ಮಲ್ಲೊಬ್ಬನು ಹಸಿದಿದ್ದು, ಅವನಿಗೆ ಕೊಡಲು ತಮ್ಮ ಬಳಿ ಹೆಚ್ಚಿನದೇನೂ ಇಲ್ಲದಿದ್ದರೆ, ಕ್ರೈಸ್ತರು ಎರಡು ಮೂರು ದಿನ ತಾವೇ ಉಪವಾಸವಿದ್ದು ಅವನಿಗೆ ಆಹಾರ ಒದಗಿಸುತ್ತಾರೆಂದು ಅವನು ಹೇಳಿದ್ದಾನೆ. ಇಲ್ಲಿ ಬಡವನಿಗೆ ಕೊಡುತ್ತಿದ್ದವನೂ ಬಡವನೇ ಎಂಬುದನ್ನು ಗಮನಿಸಬೇಕು.

325ರ ನಿಸೇಯ ಮಹಾಸಭೆಯ ಐದನೆಯ ನಿಯಮದಲ್ಲಿ ‘ನಲವತ್ತು’ ಎಂಬ ಹೆಸರಿನ ಕಾಲದ ಪ್ರಸ್ತಾಪ ಬರುತ್ತದೆ. ಕರಾವಳಿಯ ಕೊಂಕಣಿ ಕ್ರೈಸ್ತರು ಹೇಳುವ ‘ಕರೆಜ್ಮ್’ ಎಂಬ ಮಾತೂ ಪೋರ್ಚುಗೀಸರ ನಾಡಿನಿಂದ ಬಂದ ಅದೇ ನಲವತ್ತು. ಯೇಸುಸ್ವಾಮಿ ಅರಣ್ಯದಲ್ಲಿ ಹಸಿದು ಕಳೆದ ದಿನಗಳ ನೆನಪಿನಲ್ಲಿ ಈ ಕಾಲವು ಬಹುಬೇಗ ಎಲ್ಲೆಡೆ ಹರಡಿತು.

ಕಾಲ ಗೊತ್ತಾದೊಡನೆ ಶೋಧನೆಯೂ ಬಂದಿತು. ಹಿಪ್ಪೋ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಅಗಸ್ಟೀನರು ತಮ್ಮ ತಪಸ್ಸುಕಾಲದ ಪ್ರಸಂಗಗಳಲ್ಲಿ, ಮಾಂಸವನ್ನು ಬಿಟ್ಟು ಅದಕ್ಕಿಂತ ದುಬಾರಿಯಾದ ಭಕ್ಷ್ಯಗಳನ್ನು ಹುಡುಕುವವರನ್ನು ತರಾಟೆಗೆ ತೆಗೆದುಕೊಂಡಿದ್ದಾರೆ. ಅಂಥವರು ಸುಖವನ್ನು ಕಡಿಮೆ ಮಾಡಲಿಲ್ಲ, ಬದಲಾಯಿಸಿದರು ಅಷ್ಟೆ. (ಶುಕ್ರವಾರ ಕೋಳಿಯನ್ನು ಬಿಟ್ಟು ಅಂಜಲ್ ಮೀನು ಹುರಿಯುವ ಮನೆಗಳ ಪರಿಮಳ ಅವರವರೆಗೆ ತಲಪಿರಲಾರದು.) 440ರಿಂದ 461ರವರೆಗೆ ಜಗದ್ಗುರುಗಳಾಗಿದ್ದ ಮಹಾ ಸಂತ ಲಿಯೋರವರ ಹನ್ನೆರಡು ತಪಸ್ಸುಕಾಲದ ಪ್ರಸಂಗಗಳು ಉಳಿದುಬಂದಿವೆ. ದೇಹಸುಖದಿಂದ ಕಡಿತಗೊಳಿಸಿದ್ದು ಬಡವನ ಊಟವಾಗಬೇಕೆಂಬುದೇ ಅವುಗಳಲ್ಲಿ ಮತ್ತೆ ಮತ್ತೆ ಬರುವ ಬೋಧನೆ. ರೋಗದಿಂದ ಉಪವಾಸ ಮಾಡಲಾಗದವನೂ ದಾನ ಮಾಡಬಲ್ಲನು; ಯಜಮಾನನು ಸೇವಕರೊಡನೆ ಮೃದುವಾಗಲಿ, ಅಪರಾಧಗಳಿಗೆ ಕ್ಷಮೆ ದೊರೆಯಲಿ ಎಂದೂ ಅವರು ಬೋಧಿಸಿದರು.

ಮಧ್ಯಯುಗದಲ್ಲಿ ಈ ನಂಟು ಸಡಿಲವಾಯಿತು. ಆಗ ಮಾಂಸವಷ್ಟೇ ಅಲ್ಲ, ಮೊಟ್ಟೆ, ಹಾಲು, ಬೆಣ್ಣೆಗಳೂ ನಿಷಿದ್ಧವಾಗಿದ್ದವು. ಆಲಿವ್ ಮರಗಳು ಬೆಳೆಯುವ ದಕ್ಷಿಣ ಯೂರೋಪಿಗೆ ಇದು ಅಷ್ಟು ಕಷ್ಟವಲ್ಲ; ಹಸುಗಳನ್ನೇ ನಂಬಿದ್ದ ಉತ್ತರದವರಿಗೆ ಬೆಣ್ಣೆಯಿಲ್ಲದೆ ಅಡಿಗೆಯೇ ಇಲ್ಲ. ಆದ್ದರಿಂದ ಕಾಣಿಕೆ ಕೊಟ್ಟವರಿಗೆ ಬೆಣ್ಣೆ ತಿನ್ನಲು ಅನುಮತಿ ಕೊಡುವ ಪದ್ಧತಿ ಬಂದಿತು. ಫ್ರಾನ್ಸಿನ ರೂಆನ್ ನಗರದ ಪ್ರಧಾನ ದೇವಾಲಯದಲ್ಲಿ 1485ರಲ್ಲಿ ಕಟ್ಟಲಾರಂಭಿಸಿದ ಒಂದು ಗೋಪುರಕ್ಕೆ ಇಂಥ ಹಣ ವಿನಿಯೋಗವಾಯಿತೆಂದು ಹೇಳುತ್ತಾರೆ. ಇಂದಿಗೂ ಅದರ ಹೆಸರು ‘ಬೆಣ್ಣೆಯ ಗೋಪುರ’. ಕಲ್ಲಿನ ಕುಸುರಿಗೆ ಅದು ಹೆಸರಾಗಿದೆ, ದೇವರ ಮಹಿಮೆಗಾಗಿಯೇ ಕಟ್ಟಿದ್ದಾಗಿದೆ. ಕಟ್ಟಿದವರನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೂ ಹೆರ್ಮಸನ ಲೆಕ್ಕದಲ್ಲಿದ್ದ ವಿಧವೆ ಇಲ್ಲಿ ಎಲ್ಲಿದ್ದಾಳೆ? ಉಪವಾಸವೂ ಉಳಿಯಲಿಲ್ಲ, ಹಸಿದವನಿಗೆ ರೊಟ್ಟಿಯೂ ಸಿಗಲಿಲ್ಲ. ಸೈತಾನನು ಯೇಸುಸ್ವಾಮಿಯನ್ನು ಕರೆದೊಯ್ದದ್ದು ದೇವಾಲಯದ ಶಿಖರಕ್ಕೇ ಎಂಬುದು ನೆನಪಾಗುತ್ತದೆ. 1520ರಲ್ಲಿ ಮಾರ್ಟಿನ್ ಲೂಥರನು ಬೆಣ್ಣೆಯ ಈ ವ್ಯಾಪಾರವನ್ನು ಕಟುವಾಗಿ ಮೂದಲಿಸಿದನು. ಅವನ ಸಿದ್ಧಾಂತಗಳನ್ನು ನಾವು ಒಪ್ಪದಿದ್ದರೂ ಈ ದೂರಿಗೆ ಆಧಾರವಿರಲಿಲ್ಲವೆಂದು ಹೇಳಲಾಗದು.

ಬಿಟ್ಟುಹೋದ ನಂಟು ನಮ್ಮ ಕಾಲಕ್ಕೆ ಸಮೀಪದಲ್ಲಿ ಮತ್ತೆ ಕೂಡಿಬಂದ ಕತೆ ಹೃದಯಸ್ಪರ್ಶಿಯಾಗಿದೆ. 1946ರ ಡಿಸೆಂಬರ್ 31ರಂದು, ಯುದ್ಧದಲ್ಲಿ ಹಾಳಾದ ಜರ್ಮನಿಯ ಕಲೋನ್ ನಗರದಲ್ಲಿ ಕಾರ್ಡಿನಲ್ ಯೋಸೆಫ್ ಫ್ರಿಂಗ್ಸ್ ಪ್ರಸಂಗ ಮಾಡಿದರು. ಕೊರೆಯುವ ಚಳಿ, ಜನರು ರೈಲುಗಳಿಂದ ಕಲ್ಲಿದ್ದಲನ್ನು ಕದಿಯುತ್ತಿದ್ದರು. ದುಡಿದರೂ ಬೇಡಿದರೂ ಸಿಗದಾಗ ಪ್ರಾಣ ಉಳಿಸಿಕೊಳ್ಳಲು ಬೇಕಾದಷ್ಟನ್ನು ತೆಗೆದುಕೊಳ್ಳಬಹುದೆಂದು ಅವರು ಹೇಳಿದರು. ಜನರು ಕೂಡಲೇ ಅವರ ಹೆಸರಿನಿಂದಲೇ ‘ಫ್ರಿಂಗ್ಸನ್’ ಎಂಬ ಕ್ರಿಯಾಪದವನ್ನು ಹುಟ್ಟಿಸಿದರು. ಅರ್ಥ, ಹೊಟ್ಟೆಪಾಡಿಗಾಗಿ ಕದಿಯುವುದು! ಅನೇಕರು ಆ ಮಿತಿಯನ್ನು ಮೀರಿದ್ದಾರೆ, ಅನ್ಯಾಯದ ಸೊತ್ತನ್ನು ಹಿಂದಿರುಗಿಸಬೇಕು ಎಂದು ಅದೇ ಪ್ರಸಂಗದಲ್ಲಿ ಅವರು ಸೇರಿಸಿದ್ದು ಮಾತ್ರ ಯಾರಿಗೂ ಅಷ್ಟಾಗಿ ನೆನಪುಳಿಯಲಿಲ್ಲ.

ಹನ್ನೆರಡು ವರ್ಷಗಳೊಳಗೆ ಆ ದೇಶ ಚೇತರಿಸಿಕೊಂಡಿತು. 1958ರ ಆಗಸ್ಟ್ ತಿಂಗಳಲ್ಲಿ ಫುಲ್ಡಾದಲ್ಲಿ ಸೇರಿದ ಧರ್ಮಾಧ್ಯಕ್ಷರ ಮುಂದೆ ಅದೇ ಫ್ರಿಂಗ್ಸರು ಸಲಹೆಯೊಂದನ್ನಿಟ್ಟರು: ತಪಸ್ಸುಕಾಲದಲ್ಲಿ ಜರ್ಮನಿಯ ಕಥೋಲಿಕರು ತಮ್ಮ ಊಟದಿಂದ ಉಳಿಸಿ, ಲೋಕದ ಹಸಿವು ಮತ್ತು ಕುಷ್ಠಾದಿ ರೋಗಗಳ ನಿವಾರಣೆಗೆ ಕೊಡಲಿ, ಪಡೆಯುವವನ ಮತವನ್ನು ಕೇಳುವುದು ಬೇಡ. ಜನಸಮೂಹವನ್ನು ಕಂಡು ಮರುಗಿದ ಸ್ವಾಮಿಯ ಮಾತಿನಿಂದ ‘ಮಿಸೆರಿಯೋರ್’ ಎಂಬ ಹೆಸರನ್ನು ಆರಿಸಲಾಯಿತು. 1959ರ ಮೊದಲ ಸಂಗ್ರಹಕ್ಕೆ ಜನರ ಸ್ಪಂದನ ಎಷ್ಟಿತ್ತೆಂದರೆ ಅದು ಶಾಶ್ವತ ಸಂಸ್ಥೆಯಾಯಿತು. ನಮ್ಮ ದೇಶದ ಅನೇಕ ಬಡ ಹಳ್ಳಿಗಳಿಗೂ ಅದರ ನೆರವು ಬಂದಿದೆ. ಕಲ್ಲಿದ್ದಲನ್ನು ಕದ್ದ ಕೈಗಳಲ್ಲಿ ಕೆಲವಾದರೂ ಆ ಹಣ ಹಾಕಿರಬೇಕು.

1966ರ ಫೆಬ್ರವರಿ 17ರಂದು ಜಗದ್ಗುರು ಆರನೆಯ ಪೌಲರು ಕಡ್ಡಾಯ ಉಪವಾಸವನ್ನು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳಿಗೆ ಸೀಮಿತಗೊಳಿಸಿದರು. ಧರ್ಮಸಭೆ ಸಡಿಲವಾಯಿತೆಂದು ಗೊಣಗಿದವರುಂಟು. ಅದೇ ಪತ್ರದಲ್ಲಿ, ಉಳ್ಳ ದೇಶಗಳವರು ಸ್ವಯಂ ನಿಗ್ರಹ ಮತ್ತು ಬಡವರ ಮೇಲಣ ಪ್ರೀತಿಗೆ ಸಾಕ್ಷಿಯಾಗಬೇಕೆಂದು ಹೇಳಿರುವುದನ್ನು ಅವರು ಓದಿರಲಿಲ್ಲ.

ಭಾರತದ ಧರ್ಮಾಧ್ಯಕ್ಷರು 1962ರಲ್ಲಿ ಸ್ಥಾಪಿಸಿದ ಕಾರಿತಾಸ್ ಇಂಡಿಯಾ ಸಂಸ್ಥೆಯ ತಪಸ್ಸುಕಾಲದ ಅಭಿಯಾನ ನಮಗೆಲ್ಲ ಪರಿಚಿತ. ಅದಕ್ಕಾಗಿ ನಮ್ಮ ಮನೆಗಳಿಗೂ ಲಕೋಟೆಗಳು ಬರುತ್ತವೆ. ಶತಮಾನೋತ್ಸವದ ಸಿದ್ಧತೆ ನಡೆದಿದ್ದಾಗ, ಈ ಒಂದು ವರ್ಷ ಲಕೋಟೆಯ ಹಣವನ್ನು ಗಂಟೆಗೋಪುರದ ದುರಸ್ತಿಗೆ ಸೇರಿಸಬಾರದೇ ಎಂದು ಕೆಲವರು ಸದ್ಭಾವದಿಂದಲೇ ಕೇಳಿದರು. ರೂಆನಿನ ಗೋಪುರದ ಕತೆಯನ್ನು ನಾನು ಅವರಿಗೆ ಹೇಳಿದೆ, ಅವರೂ ಒಪ್ಪಿದರು. ಗೋಪುರಕ್ಕೆ ಬೇರೆ ಲೆಕ್ಕಪುಸ್ತಕವಿದೆ, ಅದರ ದಾನಿಗಳ ಹೆಸರುಗಳು ಈ ಸ್ಮರಣ ಸಂಚಿಕೆಯ ಕೊನೆಯ ಪುಟಗಳಲ್ಲಿ ಅಚ್ಚಾಗಿವೆ. ಲಕೋಟೆಗಳ ಮೇಲೆ ಹೆಸರು ಬರೆಯುವ ಪದ್ಧತಿ ನಮ್ಮಲ್ಲಿಲ್ಲ.