ಹಳಿ ಬೇರೆ, ಫಲಕ ಬೇರೆ: ಹಾರ್ಡ್ ಡಿಸ್ಕ್ ಕೆಟ್ಟಾಗ ಮೊದಲು ಏನು ಮಾಡಬೇಕು ಅನ್ನುವುದರ ಚರಿತ್ರೆ

ಲಿನಕ್ಸ್ ಲ್ಯಾಪ್‌ಟಾಪ್ ಬಳಸುವವರು ಒಂದಲ್ಲ ಒಂದು ದಿನ ನೋಡಲೇಬೇಕಾದ ಕಪ್ಪು ಪರದೆಯೊಂದಿದೆ. ಸಾಲು ಸಾಲಾಗಿ ಇನ್‌ಪುಟ್ ಔಟ್‌ಪುಟ್ ಎರರ್ ಅಂತ ಬರುತ್ತೆ, ಕೊನೆಗೆ ಫೈಲ್ ಸಿಸ್ಟಮ್ಮನ್ನು ರೀಡ್ ಓನ್ಲಿ ಮಾಡಿದ್ದೇನೆ ಅನ್ನುವ ಸಂದೇಶ. ಬಹಳ ಜನ ಆಗ ಮೊದಲು ಕೈಹಾಕುವುದು ಎಫ್‌ಎಸ್‌ಸಿಕೆ ಅನ್ನುವ ಉಪಕರಣಕ್ಕೆ. ಅದನ್ನು ಓಡಿಸಿದರೆ ಎಲ್ಲ ಸರಿಹೋಗುತ್ತೆ ಅನ್ನುವ ನಂಬಿಕೆ. ಆ ಉಪಕರಣ ಎಲ್ಲಿಂದ ಬಂತು, ಯಾವ ತೊಂದರೆಗೆ ಅಂತ ಬಂತು, ಏನನ್ನು ಉಳಿಸುತ್ತೆ, ಏನನ್ನು ಉಳಿಸಲ್ಲ: ಇಷ್ಟೇ ಇವತ್ತಿನ ಮಾತು. ಈ ಚರಿತ್ರೆ ಗೊತ್ತಿದ್ದರೆ ರಿಪೇರಿಯ ಕ್ರಮ ತಾನಾಗಿ ಹೊಳೆಯುತ್ತೆ.

ನಾನಿರೋದು ದಾದರಿನಲ್ಲಿ. ಹಾಗಾಗಿ ನಮ್ಮ ಸ್ಟೇಷನ್ನಿನ ಉದಾಹರಣೆಯನ್ನೇ ಕೊಡ್ತೀನಿ. 2023ರ ಡಿಸೆಂಬರ್ ತನಕ ದಾದರ್ ಸ್ಟೇಷನ್ನಿನಲ್ಲಿ ಒಂದನೇ ನಂಬರಿನ ಪ್ಲಾಟ್‌ಫಾರ್ಮ್ ಎರಡಿದ್ದವು. ವೆಸ್ಟರ್ನ್ ಲೈನಿನದೊಂದು, ಸೆಂಟ್ರಲ್ ಲೈನಿನದೊಂದು. ಊರಿಂದ ಬಂದ ನೆಂಟರಿಗೆ ‘ಒಂದನೇ ಪ್ಲಾಟ್‌ಫಾರ್ಮಿಗೆ ಬನ್ನಿ’ ಅಂದರೆ ಅವರು ಇನ್ನೊಂದು ಕಡೆ ನಿಂತು ಫೋನ್ ಮಾಡ್ತಾ ಇದ್ದರು. ಡಿಸೆಂಬರ್ 9ರಿಂದ ವೆಸ್ಟರ್ನಿನ 1ರಿಂದ 7 ಹಾಗೇ ಉಳಿದವು, ಸೆಂಟ್ರಲ್ಲಿನವು 8ರಿಂದ 14 ಆದವು. ಅದಕ್ಕಾಗಿ ಒಂದು ಹಳಿಯೂ ಕದಲಲಿಲ್ಲ. ಬದಲಾದದ್ದು ಫಲಕ, ಇಂಡಿಕೇಟರ್, ಘೋಷಣೆ ಮಾತ್ರ.

ಡಿಸ್ಕ್ ಅಂದರೆ ಹಳಿ. ಫೈಲ್ ಸಿಸ್ಟಮ್ ಅಂದರೆ ಫಲಕ. ಯಾವ ಫೈಲು ಯಾವ ಜಾಗದಲ್ಲಿದೆ, ಯಾವ ಜಾಗ ಖಾಲಿ, ಯಾವ ಹೆಸರು ಯಾರದು ಅನ್ನುವ ಲೆಕ್ಕ ಅದು. ನಂಬರ್ ಬದಲಿಸುತ್ತಾ ಇದ್ದಾಗ ಅರ್ಧಕ್ಕೆ ಕೆಲಸ ನಿಂತುಹೋದರೆ ಏನಾಗುತ್ತೆ? ಈ ತುದಿಯ ಫಲಕ ಒಂದು ನಂಬರ್ ಹೇಳುತ್ತೆ, ಆ ತುದಿಯದು ಇನ್ನೊಂದು. ಇದು ಫೈಲ್ ಸಿಸ್ಟಮ್ ದೋಷ. ಹಳಿಯೇ ಬಿರುಕು ಬಿಟ್ಟರೆ ಅದು ಡಿಸ್ಕ್ ದೋಷ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣಬಹುದು. ಆದರೆ ಬಿರುಕು ಬಿಟ್ಟ ಹಳಿಗೆ ಹೊಸ ಫಲಕ ಬರೆದರೆ ರೈಲು ಓಡಲ್ಲ.

ಹಳಿಯ ಕಥೆ ಶುರುವಾದದ್ದು 1956ರಲ್ಲಿ. ಐಬಿಎಂ ಕಂಪನಿ ರಾಮ್ಯಾಕ್ ಅನ್ನುವ ಯಂತ್ರದ ಜೊತೆ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತು. 24 ಇಂಚು ಅಗಲದ 50 ತಟ್ಟೆಗಳು, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತಿನ ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಕಷ್ಟಪಟ್ಟು ಕೂರಬೇಕು. ತಿರುಗುವ ತಟ್ಟೆ, ಅದಕ್ಕೆ ತಾಗದೆ ಕೂದಲೆಳೆಯಷ್ಟು ಮೇಲೆ ತೇಲುವ ಓದುವ ತಲೆ. ಮೂಲ ಉಪಾಯ ಇವತ್ತಿಗೂ ಅದೇ. ಈಗ ಆ ಅಂತರ ಕೂದಲೆಳೆಗಿಂತ ಸಾವಿರಾರು ಪಟ್ಟು ಕಡಿಮೆ. ತಟ್ಟೆ ತಿರುಗುತ್ತಿರುವಾಗ ಲ್ಯಾಪ್‌ಟಾಪ್ ಎತ್ತಿ ಕುಕ್ಕಿದರೆ ತಲೆ ತಟ್ಟೆಗೆ ತಾಗಬಹುದು. ಮುಂಬೈ ಲೋಕಲ್ಲಿನ ನೂಕುನುಗ್ಗಲಿಗೆ ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿಯೇ ಒಯ್ಯಿ ಅಂತ ಹೇಳೋದು ಅದಕ್ಕೇ.

ಇನ್ನು ಫಲಕದ ಕಥೆ. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯುನಿಕ್ಸ್ ಶುರುಮಾಡಿದರು. ಒಂದು ಫೈಲು ಹುಟ್ಟಬೇಕಾದರೆ ಅಲ್ಲಿ ಹಲವು ಕಡೆ ಬರೆಯಬೇಕು: ಡೈರೆಕ್ಟರಿಯಲ್ಲಿ ಹೆಸರು, ಐನೋಡ್ ಅನ್ನುವ ದಾಖಲೆಯಲ್ಲಿ ಜಾಗದ ವಿವರ, ಖಾಲಿ ಜಾಗದ ಪಟ್ಟಿಯಲ್ಲಿ ಕಳೆಯುವ ಲೆಕ್ಕ. ಈ ನಡುವೆ ಕರೆಂಟ್ ಹೋದರೆ ಒಂದು ಕಡೆ ಬರೆದಿರುತ್ತೆ, ಇನ್ನೊಂದು ಕಡೆ ಇಲ್ಲ. ಮೊದಮೊದಲು ಇದನ್ನು ಸರಿಮಾಡಲು ಐಚೆಕ್, ಡಿಚೆಕ್ ಅನ್ನುವ ಬೇರೆಬೇರೆ ಉಪಕರಣಗಳಿದ್ದವು. ಅವು ತಪ್ಪು ತೋರಿಸುತ್ತಿದ್ದವು, ತಿದ್ದುವ ಕೆಲಸದ ಬಹುಪಾಲು ಯಂತ್ರ ನೋಡಿಕೊಳ್ಳುವವರ ಕೈಯಲ್ಲೇ ಆಗಬೇಕಿತ್ತು. 1970ರ ದಶಕದ ಕೊನೆಗೆ ಬೆಲ್ ಲ್ಯಾಬ್ಸ್‌ನ ಟೆಡ್ ಕೊವಾಲ್ಸ್ಕಿ ಈ ಕೆಲಸಗಳನ್ನೆಲ್ಲ ಒಂದೇ ಪ್ರೋಗ್ರಾಮಿಗೆ ಸೇರಿಸಿದರು. ಅದೇ ಎಫ್‌ಎಸ್‌ಸಿಕೆ. ಆಮೇಲೆ ಬರ್ಕ್ಲಿಯ ಮಾರ್ಷಲ್ ಕಿರ್ಕ್ ಮೆಕ್ಯುಸಿಕ್ ತಮ್ಮ ಹೊಸ ಫೈಲ್ ಸಿಸ್ಟಮ್ಮಿಗೆ ಒಗ್ಗುವಂತೆ ಅದನ್ನು ಬೆಳೆಸಿದರು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಎಫ್‌ಎಸ್‌ಸಿಕೆ ಕೇಳುವ ಪ್ರಶ್ನೆ ‘ಲೆಕ್ಕ ತಾಳೆಯಾಗುತ್ತಾ?’ ಅನ್ನೋದು. ‘ನಿಮ್ಮ ಮಗಳ ಮದುವೆ ಫೋಟೋ ಇದೆಯಾ?’ ಅನ್ನೋದಲ್ಲ. ತಾಳೆಯಾಗದ ದಾಖಲೆಯನ್ನು ಅಳಿಸಿದರೂ ಅದರ ಲೆಕ್ಕದಲ್ಲಿ ಕೆಲಸ ಮುಗಿದಂತೆ. ಫೈಲಿದೆ, ಆದರೆ ಯಾವ ಡೈರೆಕ್ಟರಿಯಲ್ಲೂ ಹೆಸರಿಲ್ಲ ಅಂದರೆ ಅದನ್ನು ಲಾಸ್ಟ್ ಅಂಡ್ ಫೌಂಡ್ ಅನ್ನುವ ಡೈರೆಕ್ಟರಿಗೆ ಹಾಕಿ ಐನೋಡ್ ನಂಬರನ್ನೇ ಹೆಸರಾಗಿ ಕೊಡುತ್ತೆ. ಸ್ಟೇಷನ್ನಿನಲ್ಲಿ ಬಿಟ್ಟುಹೋದ ಸಾಮಾನಿಗೆ ಚೀಟಿ ಅಂಟಿಸಿ ಇಟ್ಟ ಹಾಗೆ.

ಲಿನಕ್ಸ್ ಹುಟ್ಟಿದ್ದು 1991ರಲ್ಲಿ. ಮೊದಲು ಅದು ಮಿನಿಕ್ಸ್‌ನ ಫೈಲ್ ಸಿಸ್ಟಮ್ಮನ್ನೇ ಬಳಸುತ್ತಿತ್ತು. ಅದರ ಮಿತಿ 64 ಮೆಗಾಬೈಟ್, ಫೈಲಿನ ಹೆಸರು 14 ಅಕ್ಷರ ದಾಟುವಂತಿರಲಿಲ್ಲ. 1993ರಲ್ಲಿ ರೆಮಿ ಕಾರ್ಡ್ ಮತ್ತು ಜೊತೆಗಾರರು ಇಎಕ್ಸ್‌ಟಿ2 ತಂದರು. ಚೆನ್ನಾಗಿ ಓಡಿತು. ಆದರೆ ಡಿಸ್ಕ್ ದೊಡ್ಡದಾದಷ್ಟೂ ಎಫ್‌ಎಸ್‌ಸಿಕೆ ಮುಗಿಯಲು ಹೆಚ್ಚು ಹೊತ್ತು. ಕರೆಂಟ್ ಹೋಗಿ ಬಂದರೆ ಕಾಫಿ ಕುಡಿದು ಬಂದರೂ ಅದು ಎಣಿಸುತ್ತಲೇ ಇರುತ್ತಿತ್ತು.

ಇದಕ್ಕೆ ಪರಿಹಾರ ಜರ್ನಲ್. ಹೋಟೆಲಿನ ಗಲ್ಲಾದಲ್ಲಿ ಕೂತವರು ಮೊದಲು ಚೀಟಿಯಲ್ಲಿ ಗೀಚಿ, ಆಮೇಲೆ ಖಾತೆ ಪುಸ್ತಕಕ್ಕೆ ಏರಿಸುತ್ತಾರಲ್ಲ, ಹಾಗೆ. ನಡುವೆ ದೀಪ ಆರಿದರೂ ಪುಸ್ತಕ ಪೂರ್ತಿ ತಿರುವಬೇಕಿಲ್ಲ, ಕೊನೆಯ ಚೀಟಿ ನೋಡಿದರೆ ಸಾಕು. ಸ್ಟೀಫನ್ ಟ್ವೀಡಿ ರೂಪಿಸಿದ ಇಎಕ್ಸ್‌ಟಿ3 2001ರಲ್ಲಿ ಲಿನಕ್ಸ್ ಕರ್ನೆಲ್ಲಿಗೆ ಸೇರಿತು. 2008ರ ಕೊನೆಗೆ ಇಎಕ್ಸ್‌ಟಿ4 ಬಳಕೆಗೆ ಸಿದ್ಧವಾಯಿತು. ಆದರೆ ಸಾಮಾನ್ಯವಾಗಿ ಈ ಚೀಟಿಯಲ್ಲಿ ಬರೆಯುವುದು ಫಲಕದ ಬದಲಾವಣೆ ಮಾತ್ರ, ಫೈಲಿನೊಳಗಿನ ಸರಕನ್ನಲ್ಲ. ಹಳಿಯ ಬಿರುಕು ಜರ್ನಲ್ಲಿಗೆ ಕಾಣೋದೇ ಇಲ್ಲ.

ಇದು ಮುಂಬೈಯಲ್ಲಿ ಒಂದೇ ಬೆಳಗ್ಗೆ ಎಷ್ಟೋ ಮನೆಗಳಲ್ಲಿ ಪರೀಕ್ಷೆಗೆ ಬಂತು. 2020ರ ಅಕ್ಟೋಬರ್ 12, ಸೋಮವಾರ. ಬೆಳಗ್ಗೆ ಹತ್ತು ದಾಟಿತ್ತು. ಗ್ರಿಡ್ ಕೈಕೊಟ್ಟು ಇಡೀ ನಗರ ಕತ್ತಲಾಯಿತು, ಲೋಕಲ್ ರೈಲುಗಳು ನಿಂತಲ್ಲೇ ನಿಂತವು. ಕೊರೋನಾ ಕಾಲ, ಜನ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಬ್ಯಾಟರಿ ಸತ್ತು, ಬರೀ ವಯರಿನ ಮೇಲೆ ಬದುಕಿದ್ದ ಲ್ಯಾಪ್‌ಟಾಪುಗಳೆಲ್ಲ ಒಂದೇ ಏಟಿಗೆ ಆರಿಹೋದವು.

ನಮ್ಮ ಕಟ್ಟಡದ ಹಿರಿಯರೊಬ್ಬರ ಲ್ಯಾಪ್‌ಟಾಪ್ ಅದರಲ್ಲೊಂದು. ಉಡುಪಿ ಕಡೆಯವರು. ಹುಡುಗನಾಗಿ ಮುಂಬೈಗೆ ಬಂದು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಆ ಕಾಲದ ಗುಂಪು ಫೋಟೋ, ಕಾಗದ, ಅಂಕಪಟ್ಟಿ ಎಲ್ಲವನ್ನೂ ವರ್ಷಗಟ್ಟಲೆ ಕೂತು ಸ್ಕ್ಯಾನ್ ಮಾಡಿದ್ದರು. ಮೂಲ ಪ್ರತಿಗಳಲ್ಲಿ ಎಷ್ಟೋ ಮಳೆಗಾಲದ ತೇವಕ್ಕೆ ಹಾಳಾಗಿದ್ದವು. ‘ಇದು ಸತ್ತಿತಾ ಮಾರಾಯಾ?’ ಅಂತ ಕೇಳಿದರು. ‘ನೋಡುವ ಅಣ್ಣ, ಈಗ ಯಾರೂ ಏನೂ ಒತ್ತುವುದು ಬೇಡ’ ಅಂದೆ.

ಕರೆಂಟ್ ಹೋದದ್ದಕ್ಕೆ ಜರ್ನಲ್ ತನ್ನ ಕೆಲಸ ಮಾಡಿತ್ತು. ಆದರೂ ಕರ್ನೆಲ್ಲಿನ ಸಂದೇಶಗಳಲ್ಲಿ ಒಂದೇ ಸೆಕ್ಟರ್ ನಂಬರ್ ಮತ್ತೆ ಮತ್ತೆ ಬರುತ್ತಿತ್ತು: ಓದಲು ಆಗುತ್ತಿಲ್ಲ. ಅಂದರೆ ಕಾಯಿಲೆ ಹಳಿಯದ್ದು. ರೀಡ್ ಓನ್ಲಿ ಆದದ್ದು ರಕ್ಷಣೆಗೇ: ಇನ್ನಷ್ಟು ಬರೆದು ಇನ್ನಷ್ಟು ಕೆಡಿಸಬಾರದು ಅಂತ.

ಇಲ್ಲಿ ಇನ್ನೊಂದು ಚರಿತ್ರೆ ನೆರವಿಗೆ ಬರುತ್ತೆ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಸ್ಮಾರ್ಟ್ ಅನ್ನುವ ವ್ಯವಸ್ಥೆ 1990ರ ದಶಕದಲ್ಲಿ ಬಂತು. ಅದನ್ನು ಲಿನಕ್ಸ್‌ನಲ್ಲಿ ಓದಲು ಭೌತಶಾಸ್ತ್ರಜ್ಞ ಬ್ರೂಸ್ ಆ್ಯಲನ್ 2002ರಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್ ಯೋಜನೆ ಶುರುಮಾಡಿದರು. ಆ ಪಟ್ಟಿಯಲ್ಲಿ 5ನೇ ಸಾಲು, ಬದಲಿ ಜಾಗಕ್ಕೆ ಸ್ಥಳಾಂತರವಾದ ಸೆಕ್ಟರುಗಳದ್ದು. 197ನೇದು, ಓದಲಾಗದೆ ಕಾಯುತ್ತಿರುವವುಗಳದ್ದು. ಇವು ಸೊನ್ನೆಯಿಂದ ಏರುತ್ತಿದ್ದರೆ ಹಳಿ ಬಿರುಕು ಬಿಡುತ್ತಿದೆ ಅಂತ. 199 ಮಾತ್ರ ಏರುತ್ತಿದ್ದರೆ ಬರೀ ಕೇಬಲ್ ಅಥವಾ ಕನೆಕ್ಟರ್ ಸಡಿಲವಾಗಿರಬಹುದು. ಹಾಗಂತ ಪಟ್ಟಿ ಚೊಕ್ಕವಾಗಿದ್ದರೆ ನಿಶ್ಚಿಂತೆಯೂ ಅಲ್ಲ. 2007ರಲ್ಲಿ ಗೂಗಲ್ ತನ್ನ ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನ ಪ್ರಕಟಿಸಿತು. ಕೆಟ್ಟ ಡಿಸ್ಕುಗಳಲ್ಲಿ ಶೇ. 56ಕ್ಕೂ ಹೆಚ್ಚಿನವು ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸದೆಯೇ ಕೆಟ್ಟಿದ್ದವು. ಸೂಚನೆ ಬಂದರೆ ನಂಬಿ, ಬರಲಿಲ್ಲ ಅಂತ ಮೈಮರೆಯಬೇಡಿ.

ಹಿರಿಯರ ಡಿಸ್ಕಿನಲ್ಲಿ 197 ಏರುತ್ತಲೇ ಇತ್ತು. ಆಗ ಎಫ್‌ಎಸ್‌ಸಿಕೆ ಓಡಿಸಿದ್ದರೆ? ಓದಲಾಗದ ಬ್ಲಾಕ್ ಸಿಕ್ಕಾಗ ಅದು ಕೇಳುತ್ತೆ: ಈ ದೋಷ ಕಡೆಗಣಿಸಲೇ? ಬಲವಂತವಾಗಿ ಮತ್ತೆ ಬರೆಯಲೇ? ಎಲ್ಲದಕ್ಕೂ ‘ಹೂಂ’ ಅನ್ನುವ ಆಯ್ಕೆ ಕೊಟ್ಟು ಬಿಟ್ಟರೆ ಬರೆದೇಬಿಡುತ್ತೆ. ಆ ಜಾಗ ಮತ್ತೆ ಓದಲು ಸಿಗಬಹುದು, ಆದರೆ ಅಲ್ಲಿದ್ದದ್ದು ಹೋಯಿತು.

ಅದಕ್ಕೇ ಮೊದಲು ಪ್ರತಿ. ಆಗ ಲೋಕಲ್ ಅಗತ್ಯ ಸೇವೆಯವರಿಗೆ ಮಾತ್ರ ಇತ್ತು. ಬೆಸ್ಟ್ ಬಸ್ಸು ಹಿಡಿದು ಲ್ಯಾಮಿಂಗ್ಟನ್ ರೋಡಿನಿಂದ ಅದಕ್ಕಿಂತ ದೊಡ್ಡ ಹೊಸ ಡಿಸ್ಕ್ ತಂದೆ. ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ, ಹಳೆಯ ಡಿಸ್ಕನ್ನು ಮೌಂಟ್ ಮಾಡದೆ, ಆಂಟೋನಿಯೋ ಡಿಯಾಸ್ ಡಿಯಾಸ್ 2004ರಿಂದ ಬೆಳೆಸುತ್ತಾ ಬಂದ ಡಿಡಿರೆಸ್ಕ್ಯೂ ಓಡಿಸಿದೆ. ಅದರ ಜಾಣತನ ಸರಳ: ಸುಲಭವಾಗಿ ಓದಲು ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತೆ, ಹಟ ಮಾಡುವ ಜಾಗಕ್ಕೆ ಕೊನೆಗೆ ಬರುತ್ತೆ. ಎಲ್ಲಿಗೆ ಬಂದೆ ಅಂತ ಒಂದು ನಕ್ಷೆ ಬರೆದಿಡೋದರಿಂದ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ರಾತ್ರಿಯಿಡೀ ಓಡಿತು.

ಎಫ್‌ಎಸ್‌ಸಿಕೆ ಓಡಿಸಿದ್ದು ಆ ಪ್ರತಿಯ ಮೇಲೆ. ಕೆಲವು ಡೈರೆಕ್ಟರಿಗಳೇ ಬಿರುಕಿನಲ್ಲಿ ಹೋಗಿದ್ದವು. ಬಹುಪಾಲು ಫೋಟೋ ಬಂದವು, ಆದರೆ ಒಂದು ದೊಡ್ಡ ರಾಶಿ ಲಾಸ್ಟ್ ಅಂಡ್ ಫೌಂಡ್‌ನಲ್ಲಿ, ಬರೀ ನಂಬರುಗಳಾಗಿ. ಹೆಸರುಗಳನ್ನು ಇನ್ನು ಯಾವ ಉಪಕರಣವೂ ತರಲಾರದು ಅಂತ ಹೇಳಿದೆ. ಅವರು ಕನ್ನಡಕ ಏರಿಸಿ ಮೊದಲ ಗುಂಪು ಫೋಟೋ ನೋಡಿದರು. ‘ಹೆಸರಿಲ್ಲದಿದ್ದರೆ ಏನಂತೆ, ಮುಖ ಉಂಟಲ್ಲ’ ಅಂದರು. ವಾರಗಟ್ಟಲೆ ಕೂತು ಒಂದೊಂದಕ್ಕೂ ಹೆಸರು, ಇಸವಿ ಬರೆಸಿದರು. ಅವರಿಗೆ ಆಗ ಎಂಬತ್ತು ದಾಟಿತ್ತು. ಆ ಕೆಲಸ ಹತ್ತು ವರ್ಷ ತಡವಾಗಿದ್ದರೆ ಹೆಸರು ಹೇಳುವವರು ಯಾರಿರುತ್ತಿದ್ದರೋ.

ಹಾಗಾಗಿ ಕ್ರಮ ಹೀಗೆ. ಮೊದಲು ಬರೆಯುವುದನ್ನು ನಿಲ್ಲಿಸಿ. ಕರ್ನೆಲ್ ಸಂದೇಶ ಮತ್ತು ಸ್ಮಾರ್ಟ್ ಪಟ್ಟಿ ನೋಡಿ, ಹಳಿಯೋ ಫಲಕವೋ ಗೊತ್ತುಮಾಡಿಕೊಳ್ಳಿ. ಹಳಿಯಾದರೆ ಮೊದಲು ಡಿಡಿರೆಸ್ಕ್ಯೂ, ಆಮೇಲೆ ಪ್ರತಿಯ ಮೇಲೆ ಎಫ್‌ಎಸ್‌ಸಿಕೆ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಅದೂ ಬೇಡ, ಆರಿಸಿ ಡೇಟಾ ತೆಗೆಯುವ ಪರಿಣತರಿಗೆ ಕೊಡಿ. ಫಲಕ ಮಾತ್ರವಾದರೆ, ಮೌಂಟ್ ಆಗಿಲ್ಲದ ಸ್ಥಿತಿಯಲ್ಲಿ, ಮೊದಲು ಏನೂ ಬದಲಿಸದೆ ಬರೀ ನೋಡುವ ಆಯ್ಕೆಯಲ್ಲಿ ಎಫ್‌ಎಸ್‌ಸಿಕೆ, ಆಮೇಲೆ ತಿದ್ದುವುದು. ಎಸ್‌ಎಸ್‌ಡಿ ಇರುವವರು ನಮಗಿದೆಲ್ಲ ಯಾಕೆ ಅನ್ನಬೇಡಿ. ಅದರಲ್ಲಿ ತಿರುಗುವ ತಟ್ಟೆ ಇಲ್ಲ, ಹಾಗಾಗಿ ಸಾಯುವ ಮುಂಚೆ ಸದ್ದೂ ಬರಲ್ಲ.

1956ರಲ್ಲಿ ಶುರುವಾದ ಈ ಚರಿತ್ರೆಯಲ್ಲಿ ಹಳಿ ನೋಡಿಕೊಳ್ಳುವ ಉಪಕರಣ ಬಂತು, ಫಲಕ ತಿದ್ದುವ ಉಪಕರಣ ಬಂತು. ಸರಕಿನ ಜವಾಬ್ದಾರಿ ಮಾತ್ರ ಮೊದಲ ದಿನದಿಂದ ಇವತ್ತಿನವರೆಗೆ ಬಳಸುವವರದ್ದೇ. ಇದನ್ನು ಓದಿದ ಮೇಲೆ ಒಂದು ಕೆಲಸ ಮಾಡಿ: ಮನೆಯ ಹಿರಿಯರ ಫೋಟೋಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿಗೆ ಹಾಕಿಡಿ, ಜೊತೆಗೆ ಯಾರು ಯಾರು ಅನ್ನುವುದನ್ನು ಅವರನ್ನೇ ಕೇಳಿ ಒಂದು ಕಾಗದದ ಮೇಲೂ ಬರೆದಿಡಿ.